ಅಳತೆ ಮಾವ ಸಂಬಂಧ ನೋಡಲು ಹೋದದ್ದು

ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಶಾಫ್ಟುಗಳ ದಪ್ಪ ಅಳೆಯುವುದು ಅವರ ಕೆಲಸ. ಸರಿಯಿದ್ದರೆ ಮುಂದಕ್ಕೆ, ಇಲ್ಲದಿದ್ದರೆ ಹಿಂದಕ್ಕೆ. ಬಂಧುಬಳಗಕ್ಕೆಲ್ಲ ಅವರು ‘ಅಳತೆ ಮಾವ’. ಆ ಹೆಸರು ಸುಮ್ಮನೆ ಅಂಟಿದ್ದಲ್ಲ. ತಾಯಿಯಿಲ್ಲದ ಒಬ್ಬಳೇ ಮಗಳನ್ನು ಗೋಡೆಗೆ ನಿಲ್ಲಿಸಿ ಎತ್ತರದ ಗೆರೆ ಎಳೆಯುವ ಮೊದಲು, ಅವಳ ಹಿಮ್ಮಡಿಯಡಿ ಒಂದು ಚೂರು ಕಾಗದವಿಟ್ಟು ಎಳೆದು ನೋಡುತ್ತಿದ್ದರು. ಕಾಗದ ಸಲೀಸಾಗಿ ಬಂದರೆ ಹುಡುಗಿ ತುದಿಗಾಲಲ್ಲಿ ನಿಂತಿದ್ದಾಳೆಂದೇ ಅರ್ಥ. “ಕಳ್ಳಿ, ಇಳಿ ಕೆಳಗೆ” ಎನ್ನುತ್ತಿದ್ದರು.

ಆ ಕಳ್ಳಿ ಈಗ ತನ್ನ ಆಫೀಸಿನ ಹುಡುಗನೊಬ್ಬನನ್ನು ಮೆಚ್ಚಿಕೊಂಡಿದ್ದಳು. ಹುಡುಗನ ಅಪ್ಪ ಅಮ್ಮ ಒಂದು ಪುಟ್ಟ ಗುಜರಾತಿ ಊಟದ ಹೋಟೆಲು ನಡೆಸುತ್ತಿದ್ದರು.

“ಹುಡುಗನ್ನ ನೋಡಾಯ್ತಲ್ಲಪ್ಪಾ, ಇನ್ನೇನು ಬಾಕಿ?”

“ಹುಡುಗ ಚಿನ್ನದಂಥವನು. ಅವರಮ್ಮ ಎಷ್ಟು ಹೊತ್ತಿಗೆ ಊಟ ಮಾಡ್ತಾರೆ ಅಂತ ನೋಡ್ಬೇಕು.”

“ಅದನ್ನ ನೋಡಿ ಯಾರಾದ್ರೂ ಮದುವೆಗೆ ಒಪ್ತಾರಾ?”

“ನಾನು ಒಪ್ತೀನಿ. ಇಲ್ಲಾಂದ್ರೆ ಇಲ್ಲ.”

ಸೋದರತ್ತೆಯ ಕಥೆ ಮಗಳಿಗೂ ಗೊತ್ತಿತ್ತು. ಅಳತೆ ಮಾವನ ಅಕ್ಕನನ್ನು ಹೋಟೆಲಿನವರ ಮನೆಗೆ ಕೊಟ್ಟಿದ್ದರು. ಬಂದವರಿಗೆಲ್ಲ ಬಡಿಸಿ ಅವಳು ತಟ್ಟೆ ಮುಂದೆ ಕೂರುವ ಹೊತ್ತಿಗೆ ಸಾರೂ ಆರಿ, ಹಸಿವೂ ಸತ್ತಿರುತ್ತಿತ್ತು. ತಮ್ಮ ಹೋದಾಗಲೆಲ್ಲ ಒದ್ದೆ ಕೈಯಲ್ಲೇ ಹೊರಗೆ ಬಂದು ನಗುತ್ತಿದ್ದಳು. ಅವಳು ಕೂತದ್ದನ್ನು ಅವರು ಕಂಡೇ ಇರಲಿಲ್ಲ. ಹೊಟ್ಟೆಹುಣ್ಣು ಅವಳನ್ನು ನಡುವಯಸ್ಸಿನಲ್ಲೇ ಕೊಂಡೊಯ್ದಿತು. ಅಂಥ ಇನ್ನೊಂದು ಅಡುಗೆಮನೆಗೆ ಮಗಳನ್ನು ಕಳಿಸುವುದುಂಟೆ?

“ನಾನು ಯಾರು ಅಂತ ಅವರಿಗೆ ಹೇಳ್ಕೂಡದು” ಎಂದು ಮಗಳಿಗೂ ಹುಡುಗನಿಗೂ ತಾಕೀತು ಮಾಡಿದರು. “ಹೇಳ್ಬಿಟ್ರೆ ಅವತ್ತೊಂದು ದಿನ ಎಲ್ಲರೂ ಬೇಗ ಊಟ ಮಾಡ್ಬಿಡ್ತಾರೆ.”

ಹೋಟೆಲೆಂದರೆ ಒಂದೇ ಉದ್ದನೆಯ ಕೋಣೆ, ಎರಡು ಸಾಲು ಮೇಜು. ಅಡುಗೆಮನೆಯ ಗೋಡೆಯಲ್ಲೊಂದು ಕಿಂಡಿ; ಅದರಾಚೆ ಲಟ್ಟಣಿಗೆ ಉರುಳಿಸುವ ಎರಡು ಕೈ. ಆ ಕೈಗಳ ಒಡತಿಯನ್ನು ಎಲ್ಲರೂ ‘ಬೆನ್’ ಎನ್ನುತ್ತಿದ್ದರು; ಗುಜರಾತಿಯಲ್ಲಿ ಅಕ್ಕನಿಗೂ ತಂಗಿಗೂ ಅದೇ ಮಾತು. ಬಡಿಸುವವರು ಅವರ ಯಜಮಾನರು. ಅಳತೆ ಮಾವ ಕಿಂಡಿಗೆ ಎದುರಾಗಿ ಕೂತರು. ದಾಳಿನ ಮೊದಲ ಗುಟುಕಿಗೆ ಹುಬ್ಬು ಗಂಟಿಕ್ಕಿತು: ಬೇಳೆಗೆ ಬೆಲ್ಲ! ಎರಡನೆಯ ಗುಟುಕಿಗೆ ಗಂಟು ಸಡಿಲಾಯಿತು. ಆಮೇಲೆ ಬಟ್ಟಲು ಖಾಲಿಯಾದದ್ದು ಅವರಿಗೇ ತಿಳಿಯಲಿಲ್ಲ.

ತೊಂದರೆ ಶುರುವಾದದ್ದು ಅಲ್ಲಿಂದ. ತಟ್ಟೆಯಲ್ಲಿ ಅಗುಳೂ ಬಿಡಬಾರದೆಂಬುದು ಅಳತೆ ಮಾವನ ನೇಮ. ಕೂತವರ ತಟ್ಟೆ ಖಾಲಿ ಬಿಡಬಾರದೆಂಬುದು ಯಜಮಾನರ ನೇಮ. ಇವರು ಮುಗಿಸಿದರೆ ಅವರು ಹಾಕುತ್ತಿದ್ದರು. ಅವರು ಹಾಕಿದರೆ ಇವರು ಮುಗಿಸುತ್ತಿದ್ದರು. ತುಪ್ಪ ಸವರಿದ ತೆಳ್ಳನೆಯ ರೋಟ್ಲಿ, ಆಲೂಗಡ್ಡೆ ಪಲ್ಯ, ಮತ್ತೆ ರೋಟ್ಲಿ. ಪಕ್ಕದ ಮೇಜುಗಳೆಲ್ಲ ಬರಿದಾದವು. ಕಿಂಡಿಯಾಚೆ ಬೆನ್ ನಿಂತೇ ಇದ್ದರು. ಕೊನೆಗೆ ಅಳತೆ ಮಾವನೇ ಸೋತು, ಬೆಲ್ಟು ಸಡಿಲಿಸಿಕೊಂಡು ಎದ್ದರು.

“ಏನಾಯ್ತಪ್ಪಾ?” ಮನೆಯಲ್ಲಿ ಮಗಳು ಕಾದಿದ್ದಳು.

“ನಿಂತೇ ಇದ್ರು. ನಾನು ಏಳೋವರೆಗೂ ಕೂರ್ಲಿಲ್ಲ. ಒಂದು ಸಲ ನೋಡಿದ್ದು ಲೆಕ್ಕಕ್ಕಿಲ್ಲ, ಇನ್ನೊಂದ್ಸಲ ನೋಡ್ತೀನಿ. ಸ್ವಲ್ಪ ಜೀರಿಗೆ ನೀರು ಕೊಡು.”

“ಸಂಬಂಧ ನೋಡೋಕೆ ಹೋಗಿ ಹೊಟ್ಟೆ ಬೆಳೆಸ್ಕೊಂಡು ಬಂದ್ಯಲ್ಲ!”

ಎರಡನೆಯ ಸಲ ತಡವಾಗಿ ಹೋಗಿ, ಇನ್ನೂ ತಡವಾಗಿ ಎದ್ದರು. ಬೆನ್ ಆಗಲೂ ನಿಂತಿದ್ದರು. ಅದನ್ನು ಕೇಳಿ ಮಗಳ ಮುಖ ಸಣ್ಣಗಾಯಿತು. ಮೂರನೆಯ ಸಲ ಅಳತೆ ಮಾವ ಎದುರಿನ ಸೈಕಲ್ ಅಂಗಡಿಯ ನೆರಳಲ್ಲಿ ನಿಂತು ದೂರದಿಂದಲೇ ನೋಡುವ ಉಪಾಯ ಹೂಡಿದರು. ಯಜಮಾನರ ಕಣ್ಣು ತಪ್ಪಿಸಲಾಗಲಿಲ್ಲ.

“ಭಾಯ್! ಅಲ್ಲಿ ಯಾಕೆ ನಿಂತ್ರಿ? ಬನ್ನಿ ಬನ್ನಿ, ನಿಮ್ಮ ಜಾಗ ಖಾಲಿ ಇದೆ.”

ಮತ್ತೆ ಅದೇ ರೋಟ್ಲಿ, ಅದೇ ದಾಳ್. ಉಳಿದವರೆಲ್ಲ ಎದ್ದುಹೋದ ಮೇಲೆ ಬೆನ್ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

“ಅಣ್ಣಾ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಎದ್ರೆ ನಾವು ಊಟಕ್ಕೆ ಕೂರ್ತೀವಿ.”

ಅಳತೆ ಮಾವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. “ದಿನಾ ಇಷ್ಟು ಹೊತ್ತಾಗಲ್ವಾ?”

“ಅಯ್ಯೋ, ಇಷ್ಟು ಹೊತ್ತಿಗೆ ನಾನು ಊಟ ಮುಗಿಸಿ ಕಾಲು ಚಾಚಿರ್ತೀನಿ. ನೀವು ಬಂದ ದಿನ ಮಾತ್ರ ಹೀಗೆ.”

ಶಾಫ್ಟನ್ನು ಕೈಯಲ್ಲಿ ಹೆಚ್ಚು ಹೊತ್ತು ಹಿಡಿದು ಅಳೆಯಬೇಡಿ, ಕೈಯ ಬಿಸಿಗೇ ಅದು ಹಿಗ್ಗುತ್ತದೆ ಎಂದು ಅಳತೆ ಮಾವ ಹೊಸಬರಿಗೆಲ್ಲ ಪಾಠ ಹೇಳುವವರು. ಇಲ್ಲಿ ಮೂರು ಸಲ ಬಂದು ಹಿಡಿದು ಕೂತವರೂ ಅವರೇ. ಈ ಹೆಂಗಸು ಉಪವಾಸ ಬೀಳುತ್ತಾರೋ ಎಂದು ನೋಡಲು ಬಂದು, ತಾವೇ ಅವರನ್ನು ಉಪವಾಸ ಕೆಡವಿದ್ದರು. ಕಿವಿ ಬಿಸಿಯಾಯಿತು.

“ಹಾಗಾದ್ರೆ ಈಗ್ಲೇ ಕೂತ್ಕೊಳ್ಳಿ. ಇಲ್ಲೇ, ಎದುರಿಗೆ.”

“ಗಿರಾಕಿ ಇರೋವಾಗ ನಾವು ಕೂರಲ್ಲ, ಅಣ್ಣಾ.”

“ನಾನು ಗಿರಾಕಿ ಅಲ್ಲಮ್ಮಾ. ಹುಡುಗಿ ಅಪ್ಪ.”

“ಯಾವ ಹುಡುಗಿ?” ಎಂದವರು ಅವರ ಮುಖವನ್ನೇ ನೋಡಿ, ಮಗ ಕರೆತಂದಿದ್ದ ಹುಡುಗಿಯದೇ ಮೂಗು ಎಂದು ಗುರುತು ಹಿಡಿದು, ಹಣೆ ಚಚ್ಚಿಕೊಂಡರು. “ಕೇಳಿದ್ರಾ? ಬೀಗರ ಹತ್ರ ಊಟಕ್ಕೆ ದುಡ್ಡು ಇಸ್ಕೊಂಡಿದ್ದೀವಿ!”

ಯಜಮಾನರು ಸೌಟು ಹಿಡಿದೇ ಕಲ್ಲಾದರು. ಆಮೇಲೆ ನಗು ಬಂತು, ಸುಮ್ಮನೆ ಬರಲಿಲ್ಲ, ಕೆಮ್ಮಿನ ಸಮೇತ ಬಂತು. ಅಳತೆ ಮಾವ ಅಕ್ಕನ ವಿಷಯ ಹೇಳಿದರು. ನಗು ನಿಂತಿತು. ಬೆನ್ ಅವರೆದುರು ಕುರ್ಚಿ ಎಳೆದುಕೊಂಡು ಕೂತರು. ಯಜಮಾನರು ಯಾರೂ ಹೇಳದೆಯೇ ಒಳಗೆ ಹೋದರು, ಕಿಂಡಿಯಾಚೆ ಈಗ ಅವರ ದಪ್ಪ ಕೈಗಳು ಲಟ್ಟಿಸತೊಡಗಿದವು. ಬಂದ ರೋಟ್ಲಿ ದುಂಡಗಿರಲಿಲ್ಲ, ಆದರೆ ಹೊಗೆಯಾಡುತ್ತಿತ್ತು.

“ದಿನಾ ಅವರೇನಾ?”

“ಊರಿಗೆಲ್ಲ ಮಾಡಿ ಹಾಕಿದವಳು ತನಗೂ ತಾನೇ ಮಾಡ್ಕೋಬೇಕಾ? ಮದುವೆಯಾದ ಹೊಸದರಲ್ಲೇ ಹೇಳ್ಬಿಟ್ಟಿದ್ದೆ. ರೋಟ್ಲಿ ಸೊಟ್ಟ ಬರ್ಲಿ, ಬಿಸಿ ಇರ್ಲಿ ಅಂತ.”

“ನನ್ನ ಮಗಳು ಹಸಿವಾದ್ರೂ ಬಾಯಿ ಬಿಟ್ಟು ಕೇಳೋಳಲ್ಲ.”

“ಈ ಮನೇಲಿ ಕೇಳೋವರೆಗೂ ಬಿಟ್ಟರೆ ತಾನೇ?” ಎಂದು ಬೆನ್ ತುತ್ತು ಮುರಿದರು.

ಯಜಮಾನರು ಇನ್ನೊಂದು ರೋಟ್ಲಿ ತಂದು ಅಳತೆ ಮಾವನ ತಟ್ಟೆಯತ್ತ ಬಾಗಿದರು. ಅವರು ಅಂಗೈ ಅಡ್ಡ ಹಿಡಿದರು. “ನನಗಲ್ಲ. ಅವರಿಗೆ ಹಾಕಿ.”

ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮಗಳು.

“ಅಪ್ಪಾ, ಏನಾಯ್ತು? ಇವತ್ತಾದ್ರೂ ಕೂತ್ರಾ?”

“ಇರು” ಎಂದರು ಅಳತೆ ಮಾವ ದನಿ ತಗ್ಗಿಸಿ. “ಅವರು ಊಟ ಮಾಡ್ತಿದ್ದಾರೆ, ಮಧ್ಯದಲ್ಲಿ ಎಬ್ಬಿಸೋದು ಬೇಡ. ಮುಗೀಲಿ, ಮದುವೆಗೆ ಯಾವ ತಿಂಗಳು ಅನುಕೂಲ ಅಂತ ಕೇಳ್ತೀನಿ.”