ಇಂಟರ್‌ವಲ್ ಆದ ಮೇಲೆ ಬದುಕಿ ಬಂದವನು

ಆಗ ನನಗೆ ಮದುವೆಯಾಗಿ ನಾಲ್ಕು ತಿಂಗಳು. ಹೆಂಡತಿ ಕುಣಿಗಲ್ ಕಡೆಯವಳು. ಮೊದಲ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು, ಏಳು ವರ್ಷದ ಮಗಳಿದ್ದಳು. ನಮ್ಮ ಕಡೆಯಿಂದ ಮದುವೆಗೆ ಯಾರೂ ಬಂದಿರಲಿಲ್ಲ. ನಾನು ತುಮಕೂರಿನ ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಫಿಟರ್. ಸದಾಶಿವನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದು ಇಬ್ಬರನ್ನೂ ಕರೆದುಕೊಂಡು ಬಂದಿದ್ದೆ.

ಮಗು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ತಟ್ಟೆಗೆ ಹಾಕಿದ್ದನ್ನು ತಿನ್ನುತ್ತಿದ್ದಳು. ಆದರೆ ನನ್ನನ್ನು ಏನಂತ ಕರೆಯಬೇಕೋ ಅವಳಿಗೆ ಗೊತ್ತಿರಲಿಲ್ಲ, ಏನಂತ ಕರೆಸಿಕೊಳ್ಳಬೇಕೋ ನನಗೂ ಗೊತ್ತಿರಲಿಲ್ಲ. ಊಟಕ್ಕೆ ಕರೆಯಲು ಕಳಿಸಿದರೆ ಬಾಗಿಲಲ್ಲಿ ಬಂದು ನಿಂತು, ನಾನಾಗಿಯೇ ತಿರುಗಿ ನೋಡುವವರೆಗೆ ಕಾಯುತ್ತಿದ್ದಳು.

ಬೇಸಿಗೆ ರಜೆಯಲ್ಲಿ, ನನ್ನ ವಾರದ ರಜೆ ದಿನ, ಇಬ್ಬರೇ ಹೋಗಿ ಒಂದು ಸಿನಿಮಾ ನೋಡಿಕೊಂಡು ಬನ್ನಿ ಅಂತ ಹೆಂಡತಿಯೇ ಹೇಳಿದಳು. ಪೇಟೆಯಲ್ಲಿ ನಡೆಯುತ್ತಿದ್ದ ಚಿತ್ರದ ನಟನನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಆತ ದೇವರಾಗಿದ್ದ, ಸಂತನಾಗಿದ್ದ, ತಮ್ಮಂದಿರಿಗಾಗಿ ಬಾಳು ಸವೆಸುವ ಅಣ್ಣನಾಗಿದ್ದ. ಕುಣಿಗಲ್‌ನಲ್ಲಿ ಮಗುವಿನ ಅಜ್ಜಿ, ದೇವರ ವೇಷದಲ್ಲಿದ್ದ ಅವನ ಕ್ಯಾಲೆಂಡರ್ ಚಿತ್ರಕ್ಕೆ ದಿನಾ ಹೂ ಮುಡಿಸುತ್ತಿದ್ದರು. ಆ ಧೈರ್ಯದ ಮೇಲೆ ಬೆಳಗಿನ ಆಟಕ್ಕೆ ಕರೆದುಕೊಂಡು ಹೋದೆ. ಪೋಸ್ಟರಿನಲ್ಲಿ ಅವನ ಕೈಯಲ್ಲಿ ಪಿಸ್ತೂಲಿತ್ತು. ಪೊಲೀಸ್ ಪಾತ್ರ ಇರಬೇಕು ಅಂದುಕೊಂಡೆ.

ಪೊಲೀಸ್ ಅಲ್ಲ. ಗುಡಿಯ ವಿಗ್ರಹ ಕದಿಯುವವರ ಮುಖಂಡ. ಶುರುವಾಗಿ ಹತ್ತು ನಿಮಿಷಕ್ಕೆ ಕಾವಲುಗಾರನ ಕತ್ತು ಹಿಸುಕಿದ. ಕೆನ್ನೆ ಇಳಿಬಿದ್ದಿತ್ತು, ವಿಗ್ಗು ಹಣೆಯ ಮೇಲೆ ಕೂತಿತ್ತು, ಓಡುವ ಕಡೆಯೆಲ್ಲ ಬೇರೆ ಯಾರದೋ ಬೆನ್ನು ಕಾಣುತ್ತಿತ್ತು. ಆದರೂ ದನಿ ಮಾತ್ರ ಆ ಹಳೆಯ ಅಣ್ಣನದೇ. ಅವನು ಸಿಕ್ಕಿಬೀಳಲಿ ಅನ್ನಲು ನನಗೆ ಮನಸ್ಸು ಬರಲಿಲ್ಲ, ತಪ್ಪಿಸಿಕೊಳ್ಳಲಿ ಅನ್ನಲೂ ಬರಲಿಲ್ಲ. ಮಗು ಪರದೆಯನ್ನೊಮ್ಮೆ ನನ್ನನ್ನೊಮ್ಮೆ ನೋಡುತ್ತಿದ್ದಳು. ಇದು ಪಾತ್ರ ಕಣಮ್ಮ ಅಂದೆ. ಪಾತ್ರ ಅಂದರೆ ಏನು ಅಂತ ಅವಳು ಕೇಳಲಿಲ್ಲ.

ಇಂಟರ್‌ವಲ್‌ಗೆ ಸ್ವಲ್ಪ ಮುಂಚೆ ಸೇತುವೆಯ ಮೇಲೆ ಅವನಿಗೆ ಗುಂಡು ಬಿತ್ತು. ಹೆಣ ಮನೆಗೆ ಬಂತು, ಹೆಂಡತಿ ಗೋಳಾಡಿದಳು, ಚಿತೆಗೆ ಬೆಂಕಿಯೂ ಬಿತ್ತು. ಇನ್ನೇನು ಉಳಿದಿದೆ ಅಂತ ಯೋಚಿಸುತ್ತಾ ಕಡಲೆಕಾಯಿ ತಂದು ಕೊಟ್ಟೆ. ದೀಪ ಆರಿತು. ಮೊದಲ ದೃಶ್ಯದಲ್ಲೇ ಅವನು ಮನೆಯಲ್ಲಿ ಕೂತು ಊಟ ಮಾಡುತ್ತಿದ್ದ, ಹೆಂಡತಿ ಸಾರು ಬಡಿಸುತ್ತಿದ್ದಳು.

ಥಿಯೇಟರಿನಲ್ಲಿ ಗುಸುಗುಸು ಎದ್ದಿತು. ಹಿಂದಿನ ಸಾಲಿನವನು ಇದು ಡಬಲ್ ಆಕ್ಟಿಂಗು, ಇವನು ತಮ್ಮ ಅಂದ. ಪಕ್ಕದವನು ಹಳೆಯ ಕತೆ ನೆನೆಸಿಕೊಳ್ಳುತ್ತಿದ್ದಾರೆ ಅಂದ. ಯಾರು ನೆನೆಸಿಕೊಳ್ಳುತ್ತಿದ್ದಾರೆ ಅಂತ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಮಗು ನನ್ನ ತೋಳು ಹಿಡಿದಳು. ಅವಳಾಗಿಯೇ ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ಸತ್ತೋಗಿದ್ರಲ್ಲ, ವಾಪಸ್ ಬಂದ್ರಾ?"

ಕತೆ ಹೊಂದಿಸುವುದರಲ್ಲೇ ಇದ್ದ ನಾನು, "ಹೂಂ, ಬಂದವ್ನೆ ಅನ್ಸುತ್ತೆ" ಅಂದುಬಿಟ್ಟೆ.

ಆಟ ಬಿಟ್ಟ ಮೇಲೆ ಗೇಟಿನವನನ್ನು ಕೇಳಿದೆ. ಊರಿನ ಎರಡು ಥಿಯೇಟರಿಗೂ ಒಂದೇ ಪ್ರಿಂಟಂತೆ, ರೀಲು ಇನ್ನೊಂದರಿಂದ ಸೈಕಲ್ಲಿನಲ್ಲಿ ಬರಬೇಕಂತೆ. ಇವತ್ತು ಕಡೆಯ ರೀಲಿನ ಡಬ್ಬಿ ಮೊದಲು ಬಂದುಬಿಟ್ಟಿತ್ತು, ಹಾಕಿಬಿಟ್ಟಿದ್ದರು. ನನಗೆ ಎಷ್ಟೋ ಹಗುರವಾಯಿತು. ಮಗುವಿಗೆ ಅದನ್ನೇ ಬಿಡಿಸಿ ಹೇಳಿದೆ. ಅವನು ಸತ್ತದ್ದು ನಿಜವಾಗಿ ಕೊನೆಯಲ್ಲಿ, ನಮಗೆ ಮೊದಲೇ ತೋರಿಸಿಬಿಟ್ಟರು ಅಂದೆ. ಹಾಗಾದರೆ ಈಗ ಅವರು ಇದ್ದಾರಾ ಅಂದಳು. ನಟ ಇದ್ದಾರೆ, ಸತ್ತದ್ದು ಕತೆಯಲ್ಲಿ ಬರುವವನು ಅಂದೆ. ಹೇಳುತ್ತಾ ಹೇಳುತ್ತಾ ನನಗೇ ಗೋಜಲಾಯಿತು. ಅವಳು ಸ್ವಲ್ಪ ದೂರ ನಡೆದು ಕೇಳಿದಳು: "ಗುಬ್ಬಿ ಬಸ್ಸು ಎಲ್ಲಿ ನಿಲ್ಲುತ್ತೆ?"

ಅವಳ ಅಪ್ಪ ಗುಬ್ಬಿಯಲ್ಲಿ ಒಂದು ಟೈಲರ್ ಅಂಗಡಿಯಲ್ಲಿ ಕೆಲಸಕ್ಕಿದ್ದವರು. ಅಲ್ಲೇ ಜ್ವರ ಬಂದು ಆಸ್ಪತ್ರೆ ಸೇರಿ ತೀರಿಕೊಂಡಿದ್ದರು. ಮಗುವಿಗೆ ಮುಖ ತೋರಿಸಿರಲಿಲ್ಲ. ಅಪ್ಪ ಗುಬ್ಬಿಯಲ್ಲಿದ್ದಾರೆ, ಬರ್ತಾರೆ ಅಂತ ಎಷ್ಟೋ ದಿನ ಹೇಳಿ, ಆಮೇಲೆ ಯಾವಾಗಲೋ ದೇವರ ಹತ್ತಿರ ಹೋದರು ಅಂದಿದ್ದರಂತೆ. ಎರಡರಲ್ಲಿ ಯಾವುದನ್ನು ಅವಳು ನಂಬಿದ್ದಳೋ ನಾನು ಯಾವತ್ತೂ ಕೇಳಿರಲಿಲ್ಲ.

ಮನೆಗೆ ಕರೆದುಕೊಂಡು ಹೋಗುವುದೇ ಸರಿಯಾಗಿತ್ತೇನೋ. ಆದರೆ "ಬಂದವ್ನೆ" ಅಂದವನು ನಾನು. ಬಸ್ ಸ್ಟ್ಯಾಂಡಿನಲ್ಲಿ ಗುಬ್ಬಿ ಬಸ್ಸು ನಿಂತಿತ್ತು. ಹತ್ತಿದೆವು. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಜೋಡಿಸಿಕೊಳ್ಳುತ್ತಿದ್ದೆ. ಅವಳು ಕಿಟಕಿಗೆ ಹಣೆಯಿಟ್ಟು, ಎದುರಿಗೆ ಬರುವ ಸೈಕಲ್ಲಿನವರ ಮುಖ ನೋಡುತ್ತಿದ್ದಳು.

ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಕೊರಳಿಗೆ ಟೇಪು ಹಾಕಿಕೊಂಡ ವಯಸ್ಸಾದ ಮಾಲೀಕರು, ಎರಡು ಮಿಷನ್. ಬಾಗಿಲ ಹತ್ತಿರದ ಮಿಷನ್ನಿನಲ್ಲಿ ದಪ್ಪ ಕನ್ನಡಕದವನೊಬ್ಬ ಹೊಲಿಯುತ್ತಿದ್ದ. ನಾನು ಯಾರು, ಮಗು ಯಾರು ಅಂತ ಹೇಳಿದೆ. ಮಾಲೀಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮಗುವನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡರು.

"ನಮ್ಮಪ್ಪ ಎಲ್ಲಿ?" ಅಂದಳು.

ನಾನು ಬಾಯಿ ತೆಗೆಯುವ ಮೊದಲೇ ಅವರು ಹೇಳಿದರು: "ನಿಮ್ಮಪ್ಪ ಸತ್ತೋದ ಕಣವ್ವ. ಆ ಮಿಷನ್ ಮುಂದೆ ಕೂತಿದ್ದಾಗ್ಲೆ ಜ್ವರ ಬಂತು. ಆಸ್ಪತ್ರೆಗೆ ನಾನೇ ಕರ್ಕೊಂಡೋದೆ, ಮಣ್ಣಿಗೂ ನಾನು ಬಂದಿದ್ದೆ. ಇನ್ನು ಬರಲ್ಲ."

ಅವಳು ಅಳಲಿಲ್ಲ. ಆಸ್ಪತ್ರೆಯಲ್ಲಿ ಅಪ್ಪ ಏನು ತಿಂದರು ಅಂತ ಕೇಳಿದಳು. ಗಂಜಿ, ಒಂದು ದಿನ ಬನ್ನು ಅಂದರು. ಆಮೇಲೆ ಅವಳು ಹೋಗಿ ಕನ್ನಡಕದವನ ಪಕ್ಕ ನಿಂತು, ಕಾಲಿಂದ ತುಳಿಯುವುದನ್ನು ಬಹಳ ಹೊತ್ತು ನೋಡಿದಳು. ನನಗೆ ಆ ಮುದುಕರ ಮೇಲೆ ಸಿಟ್ಟು ಬಂತು. ಕೈಮುಗಿಯಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡದೆ ಚಿಂದಿ ಬಟ್ಟೆಯ ರಾಶಿ ನೋಡುತ್ತಾ ನಿಂತಿದ್ದೆ.

ತುಮಕೂರಿಗೆ ವಾಪಸ್ ಬಂದಾಗ ಸಂಜೆಯಾಗಿತ್ತು. ಹೆಂಡತಿ ಬೀದಿಯ ಕೊನೆಯವರೆಗೆ ಬಂದು ಕಾಯುತ್ತಿದ್ದಳು. ನಾನು ಹೇಗೆ ಶುರು ಮಾಡುವುದು ಅಂತ ತಡವರಿಸುತ್ತಿದ್ದಾಗ ಮಗುವೇ ಹೇಳಿದಳು, ಗುಬ್ಬಿಗೆ ಹೋಗಿದ್ವಿ, ಅಲ್ಲಿ ಈಗ ಬೇರೆಯವರು ಹೊಲಿತಾ ಇದಾರೆ ಅಂತ. ಹೆಂಡತಿ ನನ್ನನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ.

"ಇದು ನಾನು ಹೇಳ್ಬೇಕಾಗಿತ್ತು" ಅಂದಳು ಅಷ್ಟೇ.

ಒಳಗೆ ಹೋಗಿ ಮಗುವನ್ನು ಎದುರಿಗೆ ಕೂರಿಸಿಕೊಂಡು, ಜ್ವರದ ಸುದ್ದಿ ಬಂದ ದಿನದಿಂದ ಶುರು ಮಾಡಿ ಒಂದೊಂದೇ ಹೇಳತೊಡಗಿದಳು. ಎಷ್ಟೋ ಸಂಗತಿ ನನಗೂ ಹೊಸದು. ಅಲ್ಲಿ ಕೂರಬೇಕೋ ಆಚೆ ಹೋಗಬೇಕೋ ಗೊತ್ತಾಗದೆ ನಡುವಿನ ಬಾಗಿಲಲ್ಲೇ ನಿಂತಿದ್ದೆ. ಒಲೆಯ ಮೇಲಿದ್ದ ಹಾಲು ಉಕ್ಕುವ ಸದ್ದಾಯಿತು. ಹೋಗಿ ಸ್ಟೌ ಆರಿಸಿದೆ, ನೆಲ ಒರೆಸಿದೆ. ಅವರ ಮಾತು ಮುಗಿಯುವವರೆಗೂ ಅಡುಗೆಮನೆಯಲ್ಲೇ ಇದ್ದೆ.