ಸಂಜೆಹೊತ್ತಿನ ಕರೆಂಟು

ನಮ್ಮ ಬೀದಿಯ ಮಿಕ್ಸಿ ರಿಪೇರಿಯವರು ಅಪ್ಪಟ ನಾಸ್ತಿಕರು. ನಿಂತ ಮೋಟಾರು ಮತ್ತೆ ತಿರುಗಿದಾಗ ಗಿರಾಕಿ ಬಾಯಿತಪ್ಪಿ "ದೇವರು ದೊಡ್ಡವನು" ಅಂದರೆ, ಸವೆದ ಕಾರ್ಬನ್ ತುಂಡನ್ನು ಅವರ ಅಂಗೈಗಿಟ್ಟು, "ದೊಡ್ಡದೇನಲ್ಲ ಸ್ವಾಮಿ, ಇಷ್ಟೇ ಇಷ್ಟು. ಬದಲಾಯಿಸಿದ್ದು ನಾನು" ಅನ್ನುತ್ತಾರೆ. ಜ್ವರ ಬಂದು ಮಲಗಿದ್ದಾಗ "ಬೇಗ ವಾಸಿಯಾಗುತ್ತೆ ಬಿಡಿ" ಅಂದವರನ್ನೂ "ಆಧಾರ ಏನು?" ಎಂದು ಕೇಳಿದ ಆಸಾಮಿ. ಇಂಥವರ ಮಗಳು ಕಾಲೇಜು ಸೇರಿದ ಮೇಲೆ ದಿನಾ ಸಂಜೆ ಒಳಕೋಣೆಯಲ್ಲಿ ಪ್ರಾರ್ಥನೆಗೆ ಕೂರತೊಡಗಿದಳು. ಗಂಡಹೆಂಡಿರಿಬ್ಬರೂ ಅವಳ ಜೊತೆ ವಾದ ಮಾಡಿ ಮಾಡಿ ಸುಸ್ತಾದರು. ದೇವರು ಸಿಕ್ಕ ಮೇಲೆ ಅಪ್ಪನ ಜೊತೆ ಅವಳಿಗೇನು ಮಾತು ಎಂದು ರಿಪೇರಿಯವರಿಗೆ ಒಳಗೊಳಗೇ ದಿಗಿಲು. ಈಗ ಅವಳು ಒಳಗೆ ಕೂತಿರುವಷ್ಟು ಹೊತ್ತು ಮಿಕ್ಸಿ ತಂದವರಿಗೆಲ್ಲ, "ಕರೆಂಟಿಲ್ಲ, ಸ್ವಲ್ಪ ಕೂತ್ಕೊಳ್ಳಿ" ಅನ್ನುತ್ತಾರೆ. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇರುತ್ತದೆ; ನಾವು ಯಾರೂ ಕತ್ತೆತ್ತುವುದಿಲ್ಲ. ಕೊನೆಗೆ ಮಗಳು ಬಾಗಿಲು ತೆರೆದು, "ಅಪ್ಪಾ, ಕರೆಂಟ್ ಬಂತು" ಅನ್ನುತ್ತಾಳೆ. "ಆಧಾರ ಏನು?" ಎಂದು ಇವರು ಮುಖ ಗಂಟಿಕ್ಕುತ್ತಾರೆ. ಅವಳು ಫ್ಯಾನಿನ ಕಡೆ ಬೆರಳು ತೋರಿಸುತ್ತಾಳೆ. "ಪರವಾಗಿಲ್ಲ, ಇನ್ನೂ ನನ್ನ ಮಗಳೇ" ಎಂದು ನಮಗೆ ಹೇಳಿ, ನಿರಾಳವಾಗಿ ಉಸಿರು ಬಿಟ್ಟು, ಬೀದಿಗೆಲ್ಲ ಕೇಳುವಂತೆ ಮಿಕ್ಸಿ ತಿರುಗಿಸುತ್ತಾರೆ.