ಅಂಗಳದ ದೋಣಿಗೆ ನಲ್ಲಿ ನೀರು

ಅಂಗಳದಲ್ಲಿ ಇಟ್ಟಿಗೆ ಮೇಲೆ ಕೂರಿಸಿದ್ದ ಅಲ್ಯುಮಿನಿಯಂ ದೋಣಿಯೊಳಗೆ ನಾನು ನಲ್ಲಿಯ ಪೈಪು ಬಿಟ್ಟಿದ್ದೇ ತಡ, ಅವ್ವ ಅಡುಗೆಮನೆಯಿಂದ ಓಡಿಬಂದಳು.

“ವಾರಕ್ಕೊಮ್ಮೆ ಬರೋ ನೀರು, ಆ ಮೋಡಕಾ ದೋಣ್ಯಾಗ ಸುರುವಾಕ ಹತ್ತೀಯೇನಲೇ?”

ಬೆಟಗೇರಿಯಲ್ಲಿ ಯಾವ ತಾಯಿಯಾದರೂ ಹಾಗೇ ಕೇಳುತ್ತಾಳೆ. ಆದರೆ ಮುಂಡರಗಿ ಕಡೆಯ ತುಂಗಭದ್ರೆಯ ದಂಡೆಯಿಂದ ಮೋಡಕಾ ಸಾಮಾನಾಗಿ ಗುಜರಿಗೆ ಹೊರಟಿದ್ದ ಈ ಹಳೆಯ ದೋಣಿಯನ್ನು ತಂದವನು ನಾನು. ಹಗುರವಾದ ತಗಡು, ತುಕ್ಕು ಹಿಡಿಯುವುದಿಲ್ಲ. ಕೈಹಚ್ಚಿದರೆ ಮತ್ತೆ ಎದ್ದು ಕೂರುತ್ತದೆ. ಕಾಡುವುದು ತಗಡು ಜೋಡಿಸುವ ಮೊಳೆಗಳಾದ ರಿವೆಟ್ಟುಗಳು ಮಾತ್ರ. ಸಡಿಲಾದವನ್ನೆಲ್ಲ ತೆಗೆದು ಹೊಸದು ಬಡಿದಿದ್ದೆ. ಒಳಗೆ ನೀರು ತುಂಬಿ, ಹೊರಗೆ ಎಲ್ಲಿ ಜಿನುಗುತ್ತದೆ ಎಂದು ನೋಡುವುದೇ ಅದಕ್ಕೆ ಪರೀಕ್ಷೆ.

ದೋಣಿ ಮುಕ್ಕಾಲು ತುಂಬಿತು. ಬಗ್ಗಿ ಹೊರಗಿನಿಂದ ತಳಕ್ಕೆಲ್ಲ ಕೈಯಾಡಿಸಿದೆ. ಒಂದು ಹನಿಯೂ ಅಂಟಲಿಲ್ಲ. ಗೆದ್ದೆ ಎಂದುಕೊಂಡು, ನೀರು ಚೆಲ್ಲಲು ದೋಣಿಯ ಅಂಚು ಹಿಡಿದೆ.

“ಚೆಲ್ಲತೀ? ಮುಟ್ಟಿದರ ನೋಡು ಮತ್ತ!” ಅವ್ವ ಕೊಡ ಹಿಡಿದು ಅಡ್ಡ ನಿಂತಿದ್ದಳು. ಆ ವಾರ ನಮ್ಮ ಮನೆಯ ಬಟ್ಟೆಗಷ್ಟೇ ಅಲ್ಲ, ಅಕ್ಕಪಕ್ಕದವರ ಪಾತ್ರೆಗೂ ಅದೇ ನೀರು.

ಈಗ ದೋಣಿ ಹೊಳೆಯಲ್ಲಿ ತೇಲುತ್ತಿದೆ. ನಲ್ಲಿ ಬಂದಾಗಲೆಲ್ಲ ಅವ್ವ ಖಾಲಿ ಅಂಗಳದ ಕಡೆ ನೋಡಿ ಹೇಳುತ್ತಾಳೆ: “ಇನ್ನೊಂದ ಹಳೀ ದೋಣಿ ಎಲ್ಲ್ಯರೆ ಸಿಗತೈತೇನ ನೋಡಲೇ.”